ಮೊದಲು ಚೀಲದ ಬಾಯಿ ನೋಡಿ: ಗ್ರಾವಿಟಿ ಫಿಲ್ಟರ್ ಜೊತೆ ನನ್ನ ಅನುಭವ

ಒಬ್ಬನೇ ಚಾರಣ ಮಾಡುತ್ತಿದ್ದಷ್ಟು ದಿನ ನೀರು ಸೋಸುವುದು ಒಂದು ಕೆಲಸ ಅಂತಲೇ ನನಗೆ ಅನ್ನಿಸಿರಲಿಲ್ಲ. ಕೈಯಲ್ಲಿ ಹಿಂಡುವ ಪುಟ್ಟ ಫಿಲ್ಟರ್ ಇತ್ತು. ಹಳ್ಳದಲ್ಲಿ ಚೀಲ ತುಂಬಿಸಿ, ಫಿಲ್ಟರ್ ತಿರುಗಿಸಿ ಕೂರಿಸಿ, ಬಾಟಲಿಗೆ ಹಿಂಡಿದರೆ ಮುಗಿಯಿತು. ನಾಲ್ಕು ಜನರ ಗುಂಪಾದ ಮೇಲೆ ಲೆಕ್ಕ ಬದಲಾಯಿತು. ಸಂಜೆಯ ಅಡುಗೆಗೆ, ಕುಡಿಯಲು, ಬೆಳಿಗ್ಗೆ ಹೊತ್ತುಕೊಂಡು ಹೊರಡಲು ಅಂತ ಹತ್ತು ಹನ್ನೆರಡು ಲೀಟರ್ ಬೇಕಾಗುತ್ತಿತ್ತು. ಹಿಂಡಿ ಹಿಂಡಿ ಅಂಗೈ ಮರಗಟ್ಟುತ್ತಿತ್ತು. ಒಂದು ಸಂಜೆ ಆತುರದಲ್ಲಿ ಜೋರಾಗಿ ಹಿಂಡಿದೆ. ಚೀಲದ ಅಂಚು ಬಿಟ್ಟುಕೊಂಡು ನೀರೆಲ್ಲ ಮೊಣಕಾಲ ಮೇಲೆ ಸುರಿಯಿತು. ಇದ್ದದ್ದೇ ಅದೊಂದು ಚೀಲ. ಅಲ್ಲಿಂದ ಮುಂದೆ ಎಲ್ಲ ನೀರನ್ನೂ ಕುದಿಸಿಯೇ ಕುಡಿದೆವು. ಎರಡು ದಿನ ಇರುವಾಗಲೇ ಗ್ಯಾಸ್ ಖಾಲಿಯಾಯಿತು.

ವಾಪಸ್ ಬರುವ ದಾರಿಯಲ್ಲೇ ಗ್ರಾವಿಟಿ ಫಿಲ್ಟರ್ ತಗೊಳ್ಳೋಣ ಅಂತ ತೀರ್ಮಾನ ಮಾಡಿದೆವು. ವಿಷಯ ಸರಳ. ನೀರು ತುಂಬಿದ ಚೀಲವನ್ನು ಕೊಂಬೆಗೆ ನೇತು ಹಾಕಬೇಕು. ಅದರಿಂದ ಒಂದು ಪೈಪು, ಪೈಪಿಗೆ ಫಿಲ್ಟರ್, ಕೆಳಗೆ ಬಾಟಲಿ. ನೀರು ತನ್ನ ಭಾರಕ್ಕೆ ತಾನೇ ಸೋಸಿಕೊಂಡು ಇಳಿಯುತ್ತದೆ. ಅಷ್ಟರಲ್ಲಿ ಟೆಂಟ್ ಹಾಕಬಹುದು, ಒಲೆ ಹಚ್ಚಬಹುದು, ಸುಮ್ನೆ ಕಾಲು ಚಾಚಿ ಕೂರಬಹುದು.

ಆದರೆ ಯಾವುದು ಕೊಳ್ಳುವುದು ಅಂತ ನೋಡಲು ಕೂತಾಗ ನಾನು ತಪ್ಪು ಕಡೆಯಿಂದ ಶುರು ಮಾಡಿದೆ. ಡಬ್ಬದ ಮೇಲಿನ ಎರಡು ಅಂಕಿಗಳನ್ನೇ ಹೋಲಿಸುತ್ತ ಕೂತೆ. ರಂಧ್ರ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ), ನಿಮಿಷಕ್ಕೆ ಎಷ್ಟು ಲೀಟರ್. ಮೂರು ಬೇರೆ ಬೇರೆ ಜೋಡಣೆ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ, ಫಿಲ್ಟರನ್ನು ಕೊನೆಯಲ್ಲಿ ಆರಿಸಿದರೂ ನಡೆಯುತ್ತದೆ. ಮೊದಲು ನೋಡಬೇಕಾದ್ದು ಚೀಲದ ಬಾಯಿ. ಆಮೇಲೆ ಪೈಪಿನ ಉದ್ದ.

ಮೈಕ್ರಾನ್ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಚಾರಣಕ್ಕೆ ಅಂತ ಸಿಗುವ ಹೆಚ್ಚಿನ ಫಿಲ್ಟರುಗಳ ಒಳಗೆ ಇರುವುದು ಹಾಲೋ ಫೈಬರ್. ನೂಲಿನಷ್ಟು ತೆಳ್ಳಗಿನ ಟೊಳ್ಳು ಎಳೆಗಳ ಒಂದು ಕಟ್ಟು. ಎಳೆಗಳ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು. ಸಾಯರ್ ಸ್ಕ್ವೀಜ್, ಕಟಾಡಿನ್ ಬಿಫ್ರೀ ಇವೆರಡರಲ್ಲಿ ಆ ರಂಧ್ರ 0.1 ಮೈಕ್ರಾನ್. ಪ್ಲಾಟಿಪಸ್ ಗ್ರಾವಿಟಿವರ್ಕ್ಸ್‌ನಲ್ಲಿ 0.2. ನಮ್ಮ ಹೊಟ್ಟೆ ಕೆಡಿಸುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸೂಕ್ಷ್ಮಜೀವಿ 4ರಿಂದ 6 ಮೈಕ್ರಾನ್ ಇರುತ್ತದೆ. ಅಂಥದ್ದೇ ಇನ್ನೊಂದು ಜೀವಿ ಜಿಯಾರ್ಡಿಯಾ ಅದಕ್ಕಿಂತಲೂ ದೊಡ್ಡದು. ಬೇಧಿ ತರುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದಪ್ಪ. ಹಾಗಾಗಿ 0.1 ಮತ್ತು 0.2ರ ನಡುವೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ವೈರಸ್ ಮಾತ್ರ ಬೇರೆ ಕಥೆ. ಅದು ಈ ಎರಡರಲ್ಲೂ ನುಸುಳಿ ಹೋಗುತ್ತದೆ. ವೈರಸ್ ಅಂತ ಒಂದು ಇದೆ ಅನ್ನುವುದು ಗೊತ್ತಾಗಿದ್ದೇ ಹೀಗೆ. 1884ರಲ್ಲಿ ಪಾಶ್ಚರ್ ಪ್ರಯೋಗಾಲಯದ ಚಾರ್ಲ್ಸ್ ಚೇಂಬರ್‌ಲ್ಯಾಂಡ್ ಪಿಂಗಾಣಿಯ ಫಿಲ್ಟರ್ ಮಾಡಿದರು. ಬ್ಯಾಕ್ಟೀರಿಯಾ ಅದರಲ್ಲಿ ನಿಲ್ಲುತ್ತಿತ್ತು. 1892ರಲ್ಲಿ ರಷ್ಯಾದ ವಿಜ್ಞಾನಿ ಡಿಮಿಟ್ರಿ ಇವಾನೊವ್‌ಸ್ಕಿ ರೋಗ ಬಂದ ತಂಬಾಕಿನ ಎಲೆಯ ರಸವನ್ನು ಅದೇ ಥರದ ಫಿಲ್ಟರಿನಲ್ಲಿ ಸೋಸಿದರು. ಸೋಸಿದ ರಸದಿಂದಲೂ ಗಿಡಗಳಿಗೆ ರೋಗ ಬಂತು. ಅಂದರೆ ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದೇನೋ ದಾಟಿ ಹೋಗಿತ್ತು. ತಿಳಿಯಾದ ನೀರು ಬಾಟಲಿಗೆ ಬೀಳುವುದನ್ನು ನೋಡುವಾಗೆಲ್ಲ ನನಗೆ ಈ ರಸದ ನೆನಪಾಗುತ್ತದೆ.

ಮೇಲ್ಗಡೆ ಊರಿದ್ದರೆ, ಅಥವಾ ತುಂಬಾ ಜನ ಬಂದು ಉಳಿಯುವ ಜಾಗದ ನೀರಾದರೆ ನಾನು ಫಿಲ್ಟರ್ ಒಂದನ್ನೇ ನಂಬುವುದಿಲ್ಲ. ಸೋಸಿದ ಮೇಲೆ ಒಂದು ನಿಮಿಷ ಚೆನ್ನಾಗಿ ಕೊತಕೊತ ಕುದಿಸುತ್ತೇನೆ. 2000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ. ಇಲ್ಲವಾದರೆ ಕ್ಲೋರಿನ್ ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಬಿಡುತ್ತೇನೆ. ಕ್ರಿಪ್ಟೋಸ್ಪೊರಿಡಿಯಂ ಕ್ಲೋರಿನ್‌ಗೆ ಬಗ್ಗುವುದಿಲ್ಲ, ಆದರೆ ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತದೆ. ವೈರಸ್ ಫಿಲ್ಟರಿಗೆ ಸಿಗುವುದಿಲ್ಲ, ಕ್ಲೋರಿನ್‌ಗೆ ಸಾಯುತ್ತದೆ. ಎರಡೂ ಸೇರಿದರೆ ನೆಮ್ಮದಿ. ನೀರಲ್ಲಿ ಕರಗಿದ ಕೀಟನಾಶಕ, ಗಣಿಯ ಲೋಹ, ಉಪ್ಪು ಇವಕ್ಕೆ ಹಾಲೋ ಫೈಬರ್ ಏನೂ ಮಾಡುವುದಿಲ್ಲ. ಹೊಲದ ಕೆಳಗಿನ ಕಾಲುವೆ, ಗಣಿಯ ಹತ್ತಿರದ ಹಳ್ಳ ಕಂಡರೆ ನಾನು ಮುಂದಿನ ನೀರಿಗೆ ನಡೆಯುತ್ತೇನೆ, ಎಷ್ಟೇ ದೂರವಾದರೂ.

ಈಗ ಚೀಲಕ್ಕೆ ಬರೋಣ. ನಾನು ಮೊದಲು ಕೊಂಡ ಸೆಟ್ಟಿನ ಚೀಲಕ್ಕೆ ಬಾಟಲಿಯಂಥ ಸಣ್ಣ ಬಾಯಿ ಇತ್ತು. ಮನೆಯ ನಲ್ಲಿಯ ಕೆಳಗೆ ಹಿಡಿದು ನೋಡಿದಾಗ ಚೆನ್ನಾಗಿಯೇ ತುಂಬಿತ್ತು. ಕಾಡಲ್ಲಿ ನಲ್ಲಿ ಇರುವುದಿಲ್ಲ, ಅಲ್ವಾ? ಬೇಸಿಗೆಯ ಕೊನೆಯಲ್ಲಿ ಹಳ್ಳ ಬತ್ತಿ, ಕಲ್ಲುಗಳ ನಡುವೆ ಗೇಣಗಲದ ಗುಂಡಿಯಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಚೀಲವನ್ನು ಮಲಗಿಸಿದರೆ ಬಾಯಿ ನೀರಿಗೆ ಮುಳುಗುತ್ತದೆ, ಒಳಗಿನ ಗಾಳಿ ಹೊರಗೆ ಬರುವುದಿಲ್ಲ, ನೀರು ಒಳಗೆ ಹೋಗುವುದಿಲ್ಲ. ಒತ್ತಿದರೆ ತಳದ ಕೆಸರು ಏಳುತ್ತದೆ. ಲೋಟದಲ್ಲಿ ಮೊಗೆದು ಮೊಗೆದು ನಾಲ್ಕು ಲೀಟರ್ ತುಂಬಿಸುವಷ್ಟರಲ್ಲಿ ಕತ್ತಲಾಯಿತು. ಫಿಲ್ಟರ್ ಎಷ್ಟು ವೇಗದ್ದಾದರೆ ಏನು, ನೀರು ಚೀಲದೊಳಗೆ ಹೋದರೆ ತಾನೇ ಸೋಸುವುದು.

ಆಮೇಲೆ ತಗೊಂಡಿದ್ದು ಒಂದು ಕಡೆ ಪೂರ್ತಿ ತೆರೆಯುವ ಚೀಲ. ಮೇಲಂಚಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಜಾರಿಸಿ ಮುಚ್ಚುವ ಬಗೆ. ಸುರುಳಿ ಸುತ್ತಿ ಮುಚ್ಚುವ ಬಗೆಯೂ ಇದೆ. ಹರಿಯುವ ನೀರಲ್ಲಾದರೆ ಒಂದೇ ಸಲ ಬೀಸಿ ಎತ್ತಿದರೆ ಅರ್ಧ ತುಂಬಿರುತ್ತದೆ. ತೆಳುವಾಗಿ ಜಿನುಗುವ ಕಡೆ ಅಗಲವಾದ ಒಂದು ಎಲೆಯನ್ನು ಕಲ್ಲಿನ ಸಂದಿಗೆ ಸಿಕ್ಕಿಸಿದರೆ ಅದೇ ದೋಣಿಯಾಗಿ ನೀರು ನೇರ ಚೀಲಕ್ಕೆ ಬೀಳುತ್ತದೆ. ಒಳಗೆ ಕೈ ಹಾಕಿ ತೊಳೆಯಲೂಬಹುದು.

ಚೀಲ ಮತ್ತು ಫಿಲ್ಟರ್ ಬೇರೆ ಬೇರೆ ಕಡೆಯಿಂದ ತಂದು ಜೋಡಿಸುವವರು ತಿರುಪಿನ ಅಳತೆ ನೋಡಿಯೇ ಕೊಳ್ಳಿ. ಸಾಯರ್ ಸ್ಕ್ವೀಜ್‌ನ ತಿರುಪು 28 ಮಿಲಿಮೀಟರ್, ಸಾಮಾನ್ಯ ಸೋಡಾ ಬಾಟಲಿಯದ್ದೇ ಅಳತೆ. ಚೀಲ ಹರಿದರೆ ಒಂದು ಖಾಲಿ ಬಾಟಲಿ ಸಿಕ್ಕಿದರೂ ಕೆಲಸ ನಡೆಯುತ್ತದೆ. ಚೀಲ ಒಡೆದು ಒದ್ದಾಡಿದವನಾದ್ದರಿಂದ ನಾನು ಇದನ್ನೇ ಹಿಡಿದುಕೊಂಡಿದ್ದೇನೆ. ಬಿಫ್ರೀಯದು 42 ಮಿಲಿಮೀಟರ್. ಬಾಯಿ ದೊಡ್ಡದು, ತುಂಬಿಸಲು ಸುಲಭ, ಆದರೆ ಬದಲಿ ಚೀಲ ಎಲ್ಲೆಂದರಲ್ಲಿ ಸಿಗುವುದಿಲ್ಲ.

ಪೈಪಿನ ಉದ್ದದ ಮಹಿಮೆ ನನಗೆ ಗೊತ್ತಾಗಿದ್ದು ಎರಡನೇ ಜೋಡಣೆಯಲ್ಲಿ. ಭಾರ ಕಡಿಮೆ ಮಾಡೋಣ ಅಂತ ಪೈಪ್ ಬಿಟ್ಟು, ಫಿಲ್ಟರನ್ನು ಚೀಲದ ಬಾಯಿಗೇ ನೇರ ಸಿಕ್ಕಿಸಿ ನೇತು ಹಾಕಿದ್ದೆ. ಎರಡು ಲೀಟರ್ ಇಳಿಯಲು ಕಾಲು ಗಂಟೆ ಹಿಡಿಯಿತು. ಕೊನೆಯ ಅರ್ಧ ಲೀಟರ್ ಅಂತೂ ತೊಟ್ಟು ತೊಟ್ಟಾಗಿ ಬಿತ್ತು. ಅದೇ ಫಿಲ್ಟರ್, ಅದೇ ಚೀಲ, ನಡುವೆ ಒಂದು ಮೀಟರ್ ಪೈಪ್ ಹಾಕಿದೆ. ಐದು ನಿಮಿಷಕ್ಕೆ ಸ್ವಲ್ಪ ಮೇಲಾಗುವಷ್ಟರಲ್ಲಿ ಚೀಲ ಖಾಲಿ!

ಇದಕ್ಕೆ ಕಾರಣವನ್ನು ಹೆನ್ರಿ ಡಾರ್ಸಿ ಎಂಬ ಫ್ರೆಂಚ್ ಎಂಜಿನಿಯರ್ 1856ರಲ್ಲೇ ಬರೆದಿಟ್ಟಿದ್ದಾರೆ. ಅವರು ಮರಳಿನಲ್ಲಿ ನೀರು ಇಳಿಯುವುದನ್ನು ಅಳೆದಿದ್ದರು. ನೀರಿನ ಮಟ್ಟದ ಎತ್ತರ ಎಷ್ಟು ಜಾಸ್ತಿಯೋ ಹರಿವು ಅಷ್ಟು ಜಾಸ್ತಿ. ಫಿಲ್ಟರಿಗೂ ಅದೇ ಲೆಕ್ಕ. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 0.1 ಬಾರ್, ಅಂದರೆ ವಾತಾವರಣದ ಒತ್ತಡದ ಹತ್ತನೇ ಒಂದು ಭಾಗ ಅಷ್ಟೆ. ನೇರ ಸಿಕ್ಕಿಸಿದಾಗ ತುಂಬಿದ ಚೀಲದಲ್ಲೂ ಎತ್ತರ ಮೊಳಕ್ಕಿಂತ ಕಡಿಮೆ, ನೀರು ಇಳಿದಂತೆ ಅದೂ ಕರಗುತ್ತ ಹೋಗುತ್ತದೆ. ಪೈಪ್ ಇದ್ದರೆ ಚೀಲ ಬರಿದಾಗುವ ಹೊತ್ತಿಗೂ ಒಂದು ಮೀಟರ್ ನೀರು ಫಿಲ್ಟರಿನ ತಲೆಯ ಮೇಲೆ ಕೂತಿರುತ್ತದೆ. ಡಬ್ಬದ ಮೇಲಿನ ಲೀಟರ್ ಅಂಕಿ ಯಾವ ಎತ್ತರದಲ್ಲಿ, ಎಂಥ ನೀರಲ್ಲಿ ಅಳೆದದ್ದು ಅಂತ ಗೊತ್ತಿಲ್ಲದೆ ಅದನ್ನು ಹೋಲಿಸಿ ಪ್ರಯೋಜನವಿಲ್ಲ.

ಫಿಲ್ಟರ್ ಇರಬೇಕಾದ್ದು ಪೈಪಿನ ಕೆಳ ತುದಿಯಲ್ಲಿ. ಮೇಲೆ ಕೂರಿಸಿದರೆ ಫಿಲ್ಟರಿನ ಆಚೆಯ ಪೈಪಿಗೆ ಗಾಳಿ ಸೇರಿಕೊಳ್ಳಬಹುದು. ಆಗ ಅಷ್ಟುದ್ದದ ಪೈಪ್ ಇದ್ದೂ ಎತ್ತರ ದಕ್ಕುವುದಿಲ್ಲ. ಕೆಳ ತುದಿಯಲ್ಲಿದ್ದರೆ ಮೇಲಿನ ಪೈಪಿನ ತುಂಬ ನೀರೇ ಇರುತ್ತದೆ. ಇದರಲ್ಲಿ ಒಂದು ಎಚ್ಚರ, ಪೈಪ್ ಪೂರ್ತಿ ಸೋಸದ ನೀರಿನದ್ದು. ಅದನ್ನು ಬಾಟಲಿಗಳ ಜೊತೆ ಸುತ್ತಿಡಬಾರದು.

ಆ ಎಚ್ಚರ ನನಗೆ ಕಲಿಸಿದ್ದು ಒಂದು ಹನಿ. ಒಂದು ಬೆಳಿಗ್ಗೆ ಚೀಲ ನೇತು ಹಾಕಿ ಬಾಟಲಿ ತುಂಬುವುದನ್ನೇ ನೋಡುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಗೆಳೆಯ, ‘ಲೋ, ಆ ಹನಿ ಎಲ್ಲಿಗೆ ಹೋಗ್ತಿದೆ ನೋಡೋ’ ಅಂದ. ಹಳ್ಳದಿಂದ ಎತ್ತಿದ ಚೀಲದ ಹೊರಮೈ ಒದ್ದೆಯಾಗಿತ್ತು. ಅದರ ಅಂಚಿನಿಂದ ಒಂದು ಹನಿ ಇಳಿದು ಪೈಪಿಗೆ ಬಂತು. ಪೈಪಿನ ಮೈಗೆ ಅಂಟಿಕೊಂಡೇ ನಿಧಾನವಾಗಿ ಜಾರಿ, ಫಿಲ್ಟರಿನ ಹೊರಗೋಡೆ ಸುತ್ತಿ, ಮೂತಿಯ ತುದಿಯಲ್ಲಿ ಒಂದು ಕ್ಷಣ ದಪ್ಪಗಾಗಿ ನಿಂತು, ಸೋಸಿದ ನೀರಿನ ಜೊತೆಗೇ ಬಾಟಲಿಯೊಳಗೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಅದೆಷ್ಟು ಸಲ ಹೀಗೆ ಕುಡಿದಿದ್ದೆವೋ. ಈಗ ಫಿಲ್ಟರಿಗಿಂತ ಒಂದು ಗೇಣು ಮೇಲೆ ಪೈಪಿಗೆ ಬಿಗಿಯಾಗಿ ಹತ್ತಿಯ ದಾರ ಕಟ್ಟಿ, ಅದರ ತುದಿಯನ್ನು ಪಕ್ಕಕ್ಕೆ ಇಳಿಬಿಡುತ್ತೇನೆ. ಜಾರಿ ಬಂದ ಹನಿ ದಾರ ಹಿಡಿದು ದೂರಕ್ಕೆ ಬೀಳುತ್ತದೆ. ಚೀಲದ ಹೊರಮೈಯನ್ನೂ ನೇತು ಹಾಕುವ ಮುಂಚೆ ಒರೆಸುತ್ತೇನೆ.

ನೀರು ಇದ್ದಕ್ಕಿದ್ದಂತೆ ನಿಂತರೆ ಫಿಲ್ಟರ್ ಕಟ್ಟಿತು ಅಂತ ಗಾಬರಿಯಾಗಬೇಡಿ. ಹೆಚ್ಚಿನ ಸಲ ಅದು ಗಾಳಿ. ಒದ್ದೆಯಾದ ಎಳೆಗಳು ನೀರನ್ನು ಬಿಡುತ್ತವೆ, ಗಾಳಿಯನ್ನು ಬಿಡುವುದಿಲ್ಲ. ಪೈಪ್ ಎಲ್ಲಾದರೂ ಜೋತುಬಿದ್ದಿದ್ದರೆ ಗುಳ್ಳೆ ಅಲ್ಲಿ ಕೂತುಬಿಡುತ್ತದೆ. ಪೈಪನ್ನು ನೆಟ್ಟಗೆ ಮಾಡಿ, ಕೆಳಗಿನಿಂದ ಮೇಲಕ್ಕೆ ಬೆರಳಲ್ಲಿ ಹಿಚುಕುತ್ತ ಬಂದರೆ ಗುಳ್ಳೆಗಳು ಏರಿ ಚೀಲ ಸೇರುತ್ತವೆ.

ನಿಜವಾಗಿ ಕಟ್ಟಿಕೊಳ್ಳುವುದು ರಾಡಿ ನೀರಿನಿಂದ. ಮಳೆಯ ಮಾರನೆಯ ದಿನದ ನೀರನ್ನು ನೇರ ಹಾಕಬೇಡಿ. ನಾನು ಪಾತ್ರೆಯಲ್ಲಿ ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿ ಚೀಲಕ್ಕೆ ಹಾಕುತ್ತೇನೆ. ದಿನಕ್ಕೊಮ್ಮೆ ಶುದ್ಧ ನೀರನ್ನು ಹಿಮ್ಮುಖವಾಗಿ ಹಾಯಿಸಿ ಫಿಲ್ಟರ್ ತೊಳೆಯುತ್ತೇನೆ. ಕೆಲವಕ್ಕೆ ಇದಕ್ಕೆ ಸಿರಿಂಜು ಬೇಕು. ಕೆಲವಲ್ಲಿ ಶುದ್ಧ ನೀರಿನ ಚೀಲವನ್ನು ಮೇಲೆತ್ತಿದರೆ ಸಾಕು, ನೀರು ತಾನೇ ಹಿಂದಕ್ಕೆ ಹರಿಯುತ್ತದೆ. ಬಿಫ್ರೀಯನ್ನು ಹೀಗೆ ತೊಳೆಯುವುದಿಲ್ಲ, ನೀರಿನಲ್ಲಿ ಅಲುಗಾಡಿಸಿ ಜಾಲಾಡುತ್ತಾರೆ.

ನಾನು ಕಳೆದುಕೊಂಡ ಫಿಲ್ಟರ್ ಒಂದೇ, ಅದೂ ಚಳಿಗೆ. ರಾತ್ರಿ ಎಲ್ಲವನ್ನೂ ಕೊಂಬೆಯಲ್ಲೇ ಬಿಟ್ಟು ಮಲಗಿದ್ದೆವು. ಬೆಳಿಗ್ಗೆ ಚೀಲದ ಒಳಗೆ ಐಸಿನ ಹಾಳೆ ಕಟ್ಟಿತ್ತು. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಎಳೆಗಳು ಒಳಗೇ ಸೀಳಬಹುದು, ಹೊರಗಿನಿಂದ ಏನೂ ಕಾಣುವುದಿಲ್ಲ. ಕರಗಿದ ಮೇಲೆ ನೀರು ಎಂದಿನಂತೆ ಇಳಿಯುತ್ತಿತ್ತು, ಹಿಂದಿಗಿಂತ ಸ್ವಲ್ಪ ಜೋರಾಗಿಯೇ. ಅದೇ ನನ್ನನ್ನು ಹೆದರಿಸಿತು. ಅದರಲ್ಲಿ ಮತ್ತೆ ನೀರು ಕುಡಿಯಲಿಲ್ಲ. ಹೊಸದು ತಂದೆ.

ಈಗ ನಾಲ್ವರು ಹೊರಟರೆ ಪೂರ್ತಿ ತೆರೆಯುವ ಮೂರು ಲೀಟರಿನ ಎರಡು ಚೀಲ, ಒಂದು ಮೀಟರಿಗಿಂತ ಸ್ವಲ್ಪ ಉದ್ದದ ಪೈಪ್, 28 ಮಿಲಿಮೀಟರ್ ತಿರುಪಿನ ಫಿಲ್ಟರ್, ಸಿರಿಂಜು, ದಾರ, ಒಂದು ಪಟ್ಟಿ ಕ್ಲೋರಿನ್ ಮಾತ್ರೆ. ಇಬ್ಬರೇ ಆದರೆ ಒಂದು ಚೀಲ ಮನೆಯಲ್ಲಿ ಉಳಿಯುತ್ತದೆ, ಪೈಪ್ ಮಾತ್ರ ಬಿಡುವುದಿಲ್ಲ. ಕತ್ತಲಾದ ಮೇಲೆ ಫಿಲ್ಟರನ್ನು ಜಾಡಿಸಿ, ಜಿಪ್ ಕವರಿಗೆ ಹಾಕಿ, ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಮಲಗುತ್ತೇನೆ.