ಕತ್ತಿನ ಮೇಲಿನ ಕೀಲು ಜಾರಿದರೆ: ಸಣ್ಣ ಗಾಯದ ಆಪರೇಷನ್‌ಗೆ ಮೊದಲು, ಆಮೇಲೆ

ಅಮ್ಮನಿಗೆ ತುಂಬಾ ವರ್ಷಗಳಿಂದ ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್. ಕತ್ತು ನೋವು ಅಂದಾಗ ದಿಂಬಿನ ತಪ್ಪು ಅಂದುಕೊಂಡೆವು. ಎಣ್ಣೆ ಹಚ್ಚಿ ಉಜ್ಜಿದೆವು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ‘ಸವೆತ, ವಯಸ್ಸಾಯ್ತಲ್ವಾ’ ಎಂದು ಕಳಿಸಿದರು. ಆಮೇಲೆ ರವಿಕೆಯ ಹುಕ್ಕು ಹಾಕಲು ಬೆರಳು ಕೇಳಲಿಲ್ಲ. ರಂಗೋಲಿಯ ಎಳೆ ಸೊಟ್ಟಗಾಯಿತು. ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಿದ್ದರೆ ಮೊದಲು ಉಜ್ಜುವುದನ್ನು ನಿಲ್ಲಿಸಿ. ಸೆಲೂನಿನಲ್ಲಿ ಕತ್ತಿನ ನೆಟಿಗೆ ತೆಗೆಸುವುದಂತೂ ಬೇಡವೇ ಬೇಡ. ನರರೋಗ ಅಥವಾ ಬೆನ್ನುಮೂಳೆಯ ಡಾಕ್ಟರಿಗೆ ತೋರಿಸಿ. ನಾವು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಹೋದೆವು. ಆಟೋ ಬೇಡ, ಕಾರಿನಲ್ಲಿ ಹೋಗಿ, ಕಾಲರ್ ಹಾಕಿಸಿ. ನಮ್ಮ ಊರಿನ ಹಂಪುಗಳು ನಿಮಗೇ ಗೊತ್ತು.

ಒಳಗೆ ಆಗಿರುವುದು ಇಷ್ಟು. ಕತ್ತಿನ ಮೊದಲ ಮೂಳೆ ಒಂದು ಉಂಗುರ. ಎರಡನೆಯದಕ್ಕೆ ಮೇಲೆ ಒಂದು ಗೂಟ. ಬೀಸುವ ಕಲ್ಲು ಗೂಟದ ಸುತ್ತ ತಿರುಗುತ್ತಲ್ವಾ, ಹಾಗೇ ತಲೆ ತಿರುಗುತ್ತದೆ. ಗೂಟವನ್ನು ಹಿಡಿದಿಟ್ಟ ಪಟ್ಟಿ ಸಡಿಲವಾದರೆ ಉಂಗುರ ಮುಂದಕ್ಕೆ ಜಾರಿ, ಹಿಂದಿನ ನರಹುರಿ ಅದುಮಿಹೋಗುತ್ತದೆ. ಪೆಟ್ಟು, ಕ್ಷಯ, ಹುಟ್ಟಿನಿಂದ ಬಂದ ದೋಷ, ಡೌನ್ ಸಿಂಡ್ರೋಮ್ ಇವುಗಳಿಂದಲೂ ಹೀಗಾಗಬಹುದು. ದೊಡ್ಡವರಲ್ಲಿ ಉಂಗುರಕ್ಕೂ ಗೂಟಕ್ಕೂ ನಡುವೆ 3 ಮಿಲಿಮೀಟರ್‌ಗಿಂತ ಜಾಸ್ತಿ ಜಾಗ ಕಂಡರೆ ಅನುಮಾನಪಡುತ್ತಾರೆ. ನೇರವಾಗಿ ನಿಂತು ತೆಗೆದ ಎಕ್ಸ್‌ರೇಯಲ್ಲಿ ಅದು ತಪ್ಪಿಹೋಗಬಹುದು. ಕತ್ತು ಬಗ್ಗಿಸಿ, ಹಿಂದಕ್ಕೆ ವಾಲಿಸಿ ತೆಗೆಯುವ ಎಕ್ಸ್‌ರೇ ಬೇಕಾಗುತ್ತದೆ. ಅದನ್ನೂ ಡಾಕ್ಟರ ಕಣ್ಣೆದುರಿಗೇ ತೆಗೆಸಿ.

ಇನ್ನು ಆಪರೇಷನ್. ಎರಡೂ ಮೂಳೆಗೆ ಸ್ಕ್ರೂ ಹಾಕಿ, ಸಲಾಕೆಯಿಂದ ಜೋಡಿಸಿ ಬಿಗಿಯುತ್ತಾರೆ. ಸಲಾಕೆಯ ಬದಲು ಲೋಹದ ಪಟ್ಟಿ ಇಟ್ಟು ಹೀಗೆ ಸ್ಕ್ರೂ ಬಿಗಿಯುವ ವಿಧಾನವನ್ನು ಮುಂಬೈನ ಡಾ. ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದರು. ಹಳೆಯ ರೀತಿಯಲ್ಲಿ ಕತ್ತಿನ ಹಿಂದೆ ಉದ್ದಕ್ಕೆ ಕೊಯ್ದು, ಸ್ನಾಯುವನ್ನು ಮೂಳೆಯಿಂದ ಬಿಡಿಸಬೇಕು. ಸಣ್ಣ ಗಾಯದ ರೀತಿಯಲ್ಲಿ ಸ್ನಾಯುವಿನ ಎಳೆಗಳ ನಡುವೆ ಕೊಳವೆ ತೂರಿಸಿ ಅಲ್ಲಿಂದಲೇ ಕೆಲಸ ಮಾಡುತ್ತಾರೆ. ಸ್ನಾಯು ಜಾಸ್ತಿ ಕೆಡುವುದಿಲ್ಲ. ಆದರೆ ಎಲ್ಲರಿಗೂ ಇದು ಆಗುವುದಿಲ್ಲ.

ನಾನು ಮೊದಲು ಕೇಳಿದ್ದು ‘ಗಾಯ ಎಷ್ಟು ಉದ್ದ?’ ಅಂತ. ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ. ಸ್ಕ್ರೂ ಹೋಗುವ ಜಾಗದ ಪಕ್ಕದಲ್ಲೇ ಮೆದುಳಿಗೆ ರಕ್ತ ಒಯ್ಯುವ ನಾಳವಿದೆ. ಕೆಲವರಲ್ಲಿ ಅದರ ದಾರಿಯೇ ಬೇರೆ. ‘ಸಿಟಿ ಆಂಜಿಯೋದಲ್ಲಿ, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನಿನಲ್ಲಿ, ನಾಳ ಎಲ್ಲಿದೆ? ಮೂಳೆ ತಾನಾಗಿ ಜಾಗಕ್ಕೆ ಮರಳುತ್ತಾ? ದೊಡ್ಡ ಗಾಯವೇ ಸುರಕ್ಷಿತವಾ?’ ಹೀಗೆ ಕೇಳಿ. ದೊಡ್ಡದೇ ಬೇಕು ಅಂದರೆ ಒಪ್ಪಿಕೊಳ್ಳಿ. ಚರ್ಮದ ಮೇಲಿನ ಗೆರೆಗಾಗಿ ಹಟ ಹಿಡಿಯಬೇಡಿ.

ಸಂಧಿವಾತದ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಪಟ್ಟಿ ಬರೆದು ಕೊಡಿ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಲಿ. ಬೀಡಿ ಸಿಗರೇಟು ಸೇದುವವರು ಬಿಡಲೇಬೇಕು, ಇಲ್ಲದಿದ್ದರೆ ಮೂಳೆ ಸರಿಯಾಗಿ ಕೂಡಿಕೊಳ್ಳದೆ ಹೋಗಬಹುದು. ಅರಿವಳಿಕೆ ಡಾಕ್ಟರಿಗೆ ಕತ್ತಿನ ವಿಷಯವನ್ನು ಇನ್ನೊಮ್ಮೆ ಬಾಯಿಬಿಟ್ಟು ಹೇಳಿ.

ಮನೆಗೆ ಬಂದಮೇಲೆ ಎಬ್ಬಿಸುವಾಗ ಕೈಹಿಡಿದು ಎಳೆಯಬೇಡಿ. ಮರದ ದಿಮ್ಮಿ ಹೊರಳಿಸಿದಂತೆ ಇಡೀ ಮೈಯನ್ನು ಪಕ್ಕಕ್ಕೆ ತಿರುಗಿಸಿ, ಆಮೇಲೆ ಕೂರಿಸಿ. ಗಾಯ ಚಿಕ್ಕದು, ಬೇಗ ಮಾಯುತ್ತದೆ. ಅದನ್ನು ನೋಡಿ ‘ವಾಸಿಯಾಯಿತು’ ಅಂತ ಬಿಂದಿಗೆ ಎತ್ತಲು ಬಿಡಬೇಡಿ. ಒಳಗೆ ಮೂಳೆ ಕೂಡಲು ತಿಂಗಳುಗಳೇ ಬೇಕು. ಜ್ವರ, ಗಾಯದಿಂದ ಕೀವು, ಕೈಕಾಲಿನಲ್ಲಿ ಹೊಸ ಸೋಲು ಕಂಡರೆ ಆವತ್ತೇ ಆಸ್ಪತ್ರೆಗೆ ಹೋಗಿ.

ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಇದೇ ಕೀಲಿನದು. ಮೂಳೆ ಬಿಗಿದ ಮೇಲೆ ಅದು ಮತ್ತೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ. ಗಾಂಧಿ ಬಜಾರಿನಲ್ಲಿ ರಸ್ತೆ ದಾಟುವಾಗ ಅಮ್ಮ ಈಗ ಪೂರ್ತಿ ಮೈ ತಿರುಗಿಸಿ ನೋಡುತ್ತಾರೆ. ಅಷ್ಟು ಹೊತ್ತು ನಾನು ಅವರ ಬಲಗಡೆ ನಿಂತಿರುತ್ತೇನೆ, ಗಾಡಿ ಬರುವ ಕಡೆಗೆ.