ಕಿಟಕಿ ಹೂ ಉಳಿಸಲು ಹೊರಟವರಿಗೆ: ಉತ್ತರ ಶಾನ್‌ಶಿಯ ಕಾಗದ ಕತ್ತರಿ ಕಲೆ, ವಿದ್ಯಾರ್ಥಿ ತಂಡಗಳ ಕೈಪಿಡಿ

ಚೀನಾದ ಶಾನ್‌ಶಿ ಪ್ರಾಂತ್ಯದ ಉತ್ತರಕ್ಕೆ, ಯಾನ್‌ಆನ್ ಊರಿನ ಸುತ್ತ, ಹಳದಿ ಮಣ್ಣಿನ ಗುಡ್ಡಗಳು. ಗುಡ್ಡ ಕೊರೆದು ಮಾಡಿದ ಗುಹೆಮನೆಗಳ ಮುಂಭಾಗಕ್ಕೆ ಮರದ ಜಾಲರಿ ಕಿಟಕಿ, ಜಾಲರಿಗೆ ಹಿಂದೆ ಗಾಜಿನ ಬದಲು ಬಿಳಿ ಕಾಗದ ಇರುತ್ತಿತ್ತು. ಚಾಂದ್ರಮಾನ ಹೊಸ ವರ್ಷ ಬಂದಾಗ ಹಳೆಯ ಕಾಗದ ಕಿತ್ತು ಹೊಸದು ಹಚ್ಚುತ್ತಿದ್ದರು. ಅದರ ಮೇಲೆ ಕೆಂಪು ಕಾಗದದಲ್ಲಿ ಕತ್ತರಿಸಿದ ಹುಂಜ, ಮೀನು, ಹುಲಿ, ದಾಳಿಂಬೆ ಅಂಟಿಸುತ್ತಿದ್ದರು. ಇದು ಚುವಾಂಗ್‌ಹುವಾ, ಅಂದರೆ ಕಿಟಕಿ ಹೂ. ಮುಂದಿನ ವರ್ಷ ಅದೂ ಕಿತ್ತು ಹೋಗುತ್ತಿತ್ತು. ನಮ್ಮ ಅಂಗಳದ ರಂಗೋಲಿಯ ಹಾಗೆ ಇದು ಉಳಿಯಲಿ ಅಂತ ಮಾಡಿದ್ದಲ್ಲ. ಉಳಿಯುತ್ತಾ ಬಂದದ್ದು ಕತ್ತರಿಸುವ ಕೈ. ಈಗ ಕಿಟಕಿಗೆ ಗಾಜು ಬಂದಿದೆ, ಮನೆಯ ಹುಡುಗಿಯರು ಪಟ್ಟಣಕ್ಕೆ ಹೋಗಿದ್ದಾರೆ, ಕೈ ಕಡಿಮೆಯಾಗುತ್ತಿದೆ.

ಹೆಸರಿಗೆ ಮನ್ನಣೆಯ ಕೊರತೆಯಿಲ್ಲ. ಈ ಗುಡ್ಡಗಾಡಿನ ಆನ್‌ಸಾಯ್ ಊರಿನ ಕಾಗದ ಕತ್ತರಿ ಕಲೆ 2006ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಚೀನಾದ ಮೊದಲ ರಾಷ್ಟ್ರೀಯ ಪಟ್ಟಿಗೆ ಸೇರಿತು. 2009ರಲ್ಲಿ ಚೀನಾದ ಕಾಗದ ಕತ್ತರಿ ಕಲೆ ಒಟ್ಟಾಗಿ ಯುನೆಸ್ಕೋದ ಇಂಥದೇ ಪಟ್ಟಿಗೂ ಬಂತು. ಹೀಗಾಗಿ ಕಾಲೇಜು ತಂಡಗಳು ರಜೆಯಲ್ಲಿ ಕ್ಯಾಮೆರಾ ಹಿಡಿದು ಹಳ್ಳಿಗೆ ಹೋಗುವುದು ಸಾಮಾನ್ಯವಾಗಿದೆ. ಹೆಚ್ಚಿನ ತಂಡಗಳು ತರುವುದು ಮುಗಿದ ಹೂವಿನ ಫೋಟೋ. ಫೋಟೋದಲ್ಲಿ ಆಕಾರ ಸಿಗುತ್ತದೆ. ಯಾವ ತೂತು ಮೊದಲು, ಎಲ್ಲಿ ಮಡಿಕೆ, ಎಲ್ಲಿ ಕತ್ತರಿ ನಿಂತು ಕಾಗದ ತಿರುಗಿತು, ಇವು ಸಿಗುವುದಿಲ್ಲ. ಈ ಕೈಪಿಡಿ ಬರೆದದ್ದು ಅವುಗಳಿಗಾಗಿ.

ಹೋಗುವ ಮುಂಚೆ ಕತ್ತರಿಸಲು ಕಲಿಯಿರಿ

ತಾನು ಕತ್ತರಿಸದವನಿಗೆ ಎದುರಿಗಿರುವವರ ಕೈಯಲ್ಲಿ ಏನು ನೋಡಬೇಕು ಎನ್ನುವುದು ಗೊತ್ತಾಗುವುದಿಲ್ಲ. ತಂಡದ ಪ್ರತಿಯೊಬ್ಬರೂ ಎರಡು ವಾರ, ದಿನಕ್ಕೆ ಎರಡು ಮೂರು ಹೂವಿನಂತೆ ಕತ್ತರಿಸಬೇಕು. ವಿಡಿಯೋ ತೆಗೆಯುವವರಿಗೂ ವಿನಾಯಿತಿ ಬೇಡ.

ಕತ್ತರಿ 15ರಿಂದ 18 ಸೆಂ.ಮೀ. ಉದ್ದದ್ದಿರಲಿ, ತುದಿ ಚೂಪಾಗಿರಲಿ. ಪರೀಕ್ಷೆ ಸುಲಭ: ಒದ್ದೆ ಟಿಶ್ಯೂ ಕಾಗದವನ್ನು ಕತ್ತರಿಯ ಕೊನೆಯ ಒಂದು ಸೆಂಟಿಮೀಟರಿನಲ್ಲಿ ಮಾತ್ರ ಕತ್ತರಿಸಿ ನೋಡಿ. ಕಾಗದ ಎರಡು ಅಲಗಿನ ನಡುವೆ ಮಡಚಿ ಸಿಕ್ಕಿಕೊಂಡರೆ ಸಾಣೆ ಹಿಡಿಸಬೇಕು. ಕಾಗದ ತೆಳುವಾಗಿರಬೇಕು. ಅಭ್ಯಾಸಕ್ಕೆ ನಮ್ಮ ಗಾಳಿಪಟದ ಕಾಗದವೇ ಒಳ್ಳೆಯದು. ಝೆರಾಕ್ಸ್ ಹಾಳೆ ದಪ್ಪ. ನಾಲ್ಕು ಪದರ ದಾಟಿದರೆ ಒಳಗಿನ ಪದರಗಳು ಜಾರಿ, ಬಿಚ್ಚಿದಾಗ ಒಂದೊಂದು ದಳ ಒಂದೊಂದು ಅಳತೆ.

15 ಸೆಂ.ಮೀ. ಚೌಕದಿಂದ ಶುರು ಮಾಡಿ. ಒಂದೇ ಮಡಿಕೆಯಲ್ಲಿ ಚಿಟ್ಟೆ, ಹೂಕುಂಡ, ಎದುರುಬದುರು ನಿಂತ ಹಕ್ಕಿಗಳು ಬರುತ್ತವೆ. ದುಂಡನೆಯ ಹೂವಿಗೆ ತುವಾನ್‌ಹುವಾ ಎನ್ನುತ್ತಾರೆ. ಅದಕ್ಕೆ ಮೊದಲು ಅರ್ಧ ಮಡಿಚಿ, ಆ ಅರ್ಧವನ್ನು 60 ಡಿಗ್ರಿಯ ಮೂರು ಪಾಲಾಗಿ ಮಡಿಚಿ, ಮತ್ತೊಮ್ಮೆ ಅರ್ಧ ಮಾಡಿ. ಒಟ್ಟು 12 ಪದರ. ಶಿನ್‌ಜಿಯಾಂಗ್‌ನ ತುರ್ಪಾನ್ ಬಳಿ ಆಸ್ತಾನಾ ಗೋರಿಗಳಲ್ಲಿ 1959ರಲ್ಲಿ ಸಿಕ್ಕ ಜೋಡಿ ಕುದುರೆ, ಜೋಡಿ ಮಂಗಗಳ ದುಂಡು ಹೂಗಳೂ ಮಡಿಚಿ ಕತ್ತರಿಸಿದವೇ. ಅವು ಉತ್ತರದ ರಾಜವಂಶಗಳ ಕಾಲದವು, 386ರಿಂದ 581ರ ನಡುವಿನವು. ಕಾಗದ ಅಷ್ಟು ಕಾಲ ಉಳಿದದ್ದು ಆ ಮರುಭೂಮಿಯ ಒಣಹವೆಯಿಂದ.

ಕತ್ತರಿಸುವ ಕ್ರಮ: ಒಳಗಿನ ಚಿಕ್ಕ ತೂತುಗಳು ಮೊದಲು, ದೊಡ್ಡವು ಆಮೇಲೆ, ಹೊರಗೆರೆ ಎಲ್ಲಕ್ಕಿಂತ ಕೊನೆಗೆ. ಹೊಸಬರು ಇದನ್ನು ತಿರುಗಮುರುಗ ಮಾಡುತ್ತಾರೆ. ಹೊರಗೆರೆ ಮೊದಲು ಕತ್ತರಿಸಿದರೆ ಹಿಡಿಯಲು ಅಂಚೇ ಇರುವುದಿಲ್ಲ, ಎಡಗೈ ಹೂವನ್ನೇ ಹಿಸುಕುತ್ತದೆ. ತೂತು ತೆಗೆಯುವಾಗ ಗೆರೆಯ ಮೇಲೆ ಚುಚ್ಚಬೇಡಿ. ತೂತಿನ ನಡುವೆ ಚುಚ್ಚಿ, ಶಂಖದ ಸುರುಳಿಯಂತೆ ಸುತ್ತುತ್ತ ಗೆರೆಗೆ ಬನ್ನಿ. ಬಲಗೈ ಅಲುಗಾಡಬಾರದು, ಮೊಣಕೈ ಮೈಗೆ ಒತ್ತಿರಲಿ; ತಿರುಗಬೇಕಾದದ್ದು ಎಡಗೈಯಲ್ಲಿನ ಕಾಗದ. ಉದ್ದ ಬಾಗುಗೆರೆಗೆ ಕತ್ತರಿಯ ಬುಡ, ಸೂಕ್ಷ್ಮ ಕೆಲಸಕ್ಕೆ ತುದಿ.

ಈ ಕಲೆಯ ಸಹಿ ಇರುವುದು ಎರಡು ಗುರುತುಗಳಲ್ಲಿ. ಒಂದು ಬಿದಿಗೆ ಚಂದ್ರನ ಆಕಾರದ ಸೀಳು. ಬೇಕಾದ ಜಾಗದಲ್ಲಿ ಕಾಗದವನ್ನು ಮೆಲ್ಲಗೆ ಚಿವುಟಿ ಮಡಿಚಿ, ಮಡಿಕೆಯ ಮೇಲೆ ಒಂದೇ ಬಾಗಿದ ಕತ್ತರಿ ಹಾಕಿದರೆ ಚುಚ್ಚುವ ಕೆಲಸವೇ ಇಲ್ಲ. ಆದರೆ ಚಿವುಟಿದ ಗೀರು ಉದ್ದವಾಗಬಾರದು, ಅಂಟಿಸಿದ ಮೇಲೂ ಅದು ಕಾಣುತ್ತದೆ. ಇನ್ನೊಂದು ಗರಗಸದ ಹಲ್ಲು: ಹುಂಜದ ಪುಕ್ಕ, ಹುಲಿಯ ಕೂದಲು, ದಳದ ಅಂಚು. ಒಂದು ಹಲ್ಲಿಗೆ ಎರಡು ಕತ್ತರಿ, ನೇರವಾಗಿ ಒಳಗೆ ಒಂದು, ಓರೆಯಾಗಿ ಹೊರಗೆ ಒಂದು. ಬಾಗುಗೆರೆಯ ನಡುವೆ ಹಲ್ಲು ಉದ್ದ, ಎರಡೂ ಕೊನೆಗೆ ಹೋಗುತ್ತ ಗಿಡ್ಡ. ಎಲ್ಲ ಒಂದೇ ಉದ್ದವಾದರೆ ಅದು ಪುಕ್ಕವಲ್ಲ, ಬಾಚಣಿಗೆ. ಕತ್ತರಿಯ ಬಾಯಿ ಪೂರ್ತಿ ಮುಚ್ಚುವುದು ಹಲ್ಲಿನ ಬುಡದಲ್ಲೇ ಆಗಬೇಕು. ಒಂದು ಕೂದಲೆಳೆ ಮುಂದೆ ಹೋದರೂ ಪಕ್ಕದ ಹಲ್ಲು ಉದುರುತ್ತದೆ.

ಹಬೈ ಪ್ರಾಂತ್ಯದ ಯೂಶ್ಯೆನ್‌ನಲ್ಲಿ ಕತ್ತರಿ ಬಳಸುವುದಿಲ್ಲ. ಅಲ್ಲಿ ಹಾಳೆಗಳ ಕಟ್ಟನ್ನು ಚಾಕುವಿನಿಂದ ಕೆತ್ತಿ, ಮದ್ಯ ಬೆರೆಸಿದ ಬಣ್ಣವನ್ನು ಪದರಪದರಕ್ಕೂ ಇಳಿಯುವಂತೆ ಚುಕ್ಕೆ ಇಡುತ್ತಾರೆ. ಅದರ ಪಾಠ ಬೇರೆಯೇ.

ಹಳ್ಳಿಯಲ್ಲಿ ಕೇಳಬೇಕಾದ್ದು

"ಇದರ ಅರ್ಥ ಏನಜ್ಜಿ?" ಎಂದು ಮೊದಲೇ ಕೇಳಿದರೆ ಪ್ರವಾಸಿಗೆ ಹೇಳುವ ಉತ್ತರ ಬರುತ್ತದೆ: ಸುಖ, ಸಂಪತ್ತು, ಸಂತಾನ. ಬದಲಿಗೆ ಎಲ್ಲಿ ಅಂಟಿಸುತ್ತೀರಿ, ಯಾವ ದಿನ, ಯಾರ ಮನೆಗೆ, ಯಾರಿಂದ ಕಲಿತಿರಿ, ಯಾವಾಗ ಮಾತ್ರ ಮಾಡಬಾರದು ಎಂದು ಕೇಳಿ. ಅರ್ಥ ತಾನಾಗಿ ಹೊರಬರುತ್ತದೆ. ಮೊಲವನ್ನು ಸುತ್ತಿಕೊಂಡ ಹಾವಿನ ಹೂ ಫೋಟೋದಲ್ಲಿ ಬೇಟೆಯಂತೆ ಕಾಣುತ್ತದೆ. ಅದು ಮದುವೆಯ ಹೂ. ಚೀನಾದ ಪಂಚಾಂಗದಲ್ಲಿ ವರ್ಷಗಳಿಗೆ ಪ್ರಾಣಿಗಳ ಹೆಸರು; ಹಾವಿನ ವರ್ಷದಲ್ಲಿ ಹುಟ್ಟಿದವರಿಗೂ ಮೊಲದ ವರ್ಷದಲ್ಲಿ ಹುಟ್ಟಿದವರಿಗೂ ಸಂಬಂಧ ಕೂಡಿದರೆ ಮನೆ ಶ್ರೀಮಂತವಾಗುತ್ತದೆ ಎಂಬ ಗಾದೆ ಅದರ ಹಿಂದಿದೆ. ಪೊರಕೆ ಹಿಡಿದ ಹೆಂಗಸಿನ ಹೂವಿಗೆ ಸಾವೊಚಿಂಗ್ ನಿಯಾಂಗ್ ಎಂದು ಹೆಸರು. ಬಿಡದ ಮಳೆ ಹಿಡಿದಾಗ ಸೂರಿಗೆ ತೂಗುಹಾಕುತ್ತಾರೆ, ಮೋಡ ಗುಡಿಸಲಿ ಅಂತ. ತಲೆಯ ಎರಡೂ ಬದಿಗೆ ಗಂಟು ಕಟ್ಟಿದ ಮಗುವಿನ ಆಕೃತಿ ಜುವಾಜಿ ವಾವಾ. ಹೆದರಿದ, ಕಾಯಿಲೆ ಬಿದ್ದ ಮಗುವಿನ ಜೀವ ಕರೆಯಲೂ ಅದು ಬೇಕು. ಇಂಥದ್ದನ್ನು ಕ್ಯಾಮೆರಾಗಾಗಿ ಕತ್ತರಿಸಿ ಕೊಡಿ ಎನ್ನುವ ಮೊದಲು, ಹಾಗೆ ಕತ್ತರಿಸಬಹುದೇ ಎಂದು ಕೇಳುವುದು ಮರ್ಯಾದೆ.

ಒಪ್ಪಿಗೆ ಮೂರು ತರಹದ್ದು, ಮೂರೂ ಬೇರೆಬೇರೆಯಾಗಿ ಪಡೆಯಿರಿ: ದಾಖಲಿಸಲು, ಹೆಸರಿನೊಂದಿಗೆ ಪ್ರಕಟಿಸಲು, ವಿನ್ಯಾಸವನ್ನು ಮಾರಾಟದ ವಸ್ತುವಿಗೆ ಬಳಸಲು. ಬರೆಯಲು ಬಾರದವರದ್ದನ್ನು ಧ್ವನಿಯಲ್ಲಿ ದಾಖಲಿಸಿ. ಮೂರನೆಯದಕ್ಕೆ ಇಲ್ಲ ಅಂದರೆ ಇಲ್ಲ.

ಕೈಯನ್ನು ಸೆರೆಹಿಡಿಯುವುದು

ಎರಡು ಕ್ಯಾಮೆರಾ ಸಾಕು. ಒಂದು ತಲೆಯ ಮೇಲಿಂದ ನೇರ ಕೆಳಗೆ, ಮಡಿಕೆ ಮತ್ತು ಕಾಗದ ತಿರುಗುವುದು ಕಾಣುವಂತೆ. ಇನ್ನೊಂದು ಕತ್ತರಿ ಹಿಡಿದ ಕೈಯ ಎದುರಿನ ಬದಿಯಿಂದ, 45 ಡಿಗ್ರಿಯಲ್ಲಿ, ತುದಿ ಮತ್ತು ಹೆಬ್ಬೆರಳು ಕಾಣುವಂತೆ. ಬೆಳಕು ಬಲಗೈಯವರಿಗೆ ಎಡದಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳು ಕತ್ತರಿಸುವ ಜಾಗದ ಮೇಲೇ ಬೀಳುತ್ತದೆ. ದೊಡ್ಡ ತೊಂದರೆ ಕೆಂಪು ಬಣ್ಣದ್ದು. ಗಾಢ ಕೆಂಪನ್ನು ಕ್ಯಾಮೆರಾ ಬೇಗ ಮಿತಿಮೀರಿಸಿ, ಗೆರೆ ಮಡಿಕೆ ಎಲ್ಲವನ್ನೂ ಒಂದೇ ಕೆಂಪು ಮುದ್ದೆ ಮಾಡುತ್ತದೆ. ಎಕ್ಸ್‌ಪೋಷರ್ ಅನ್ನು ಮೂರನೇ ಎರಡು ಸ್ಟಾಪ್ (ಕ್ಯಾಮೆರಾದಲ್ಲಿ −0.7) ಇಳಿಸಿ, ಮೇಜಿಗೆ ಬಿಳಿಯ ಬದಲು ಬೂದು ಬಟ್ಟೆ ಹಾಸಿ.

ಮೊದಲ ಸಲ ಮಾತಾಡಿಸದೆ, ನಿಲ್ಲಿಸದೆ ಪೂರ್ತಿ ತೆಗೆಯಿರಿ. ಎರಡನೆಯ ಸಲ ಅದೇ ಹೂವನ್ನು ನಿಧಾನವಾಗಿ, ಪ್ರತಿ ಹಂತದಲ್ಲಿ ನಿಲ್ಲಿಸಿ ಕೇಳುತ್ತ. ಎರಡರಲ್ಲೂ ಕ್ರಮ ಒಂದೇ ಇದೆಯೇ ನೋಡಿ. ಬದಲಾಗಿದ್ದರೆ ಮೊದಲನೆಯದೇ ಅವರ ನಿಜವಾದ ಕ್ರಮ. ಪೆನ್ಸಿಲ್ ಗೆರೆ ಹಾಕದೆ ಕತ್ತರಿಸುವವರು ಬಹಳ; ಅಂಥವರಿಗೆ "ಮೊದಲು ಬರೆದು ತೋರಿಸಿ" ಎನ್ನಬೇಡಿ, ಬರೆದ ಕೂಡಲೇ ಕತ್ತರಿ ಗೆರೆಯ ಆಳಾಗುತ್ತದೆ. ಮೈಕ್ ಅಂಗಿಗೆ ಸಿಕ್ಕಿಸಿ. ಶುನ್‌ಯಿ ಊರಿನ ಕು ಶುಲಾನ್ (1920–2004) ಕತ್ತರಿಸುತ್ತಲೇ ಹಾಡುತ್ತಿದ್ದರು. ಅಂಥವರ ಹಾಡು ಬಿಟ್ಟ ವಿಡಿಯೋ ಅರ್ಧ ವಿಡಿಯೋ.

ಉದುರಿದ ಚೂರುಗಳನ್ನು ಗುಡಿಸಿ ಎಸೆಯಬೇಡಿ, ಲಕೋಟೆಯಲ್ಲಿ ತುಂಬಿಡಿ. ಯಾವ ತೂತು ಒಂದೇ ಸಲಕ್ಕೆ ಬಂತು, ಯಾವುದು ಮೂರು ಚೂರಾಗಿ ಬಂತು ಎಂದು ಹೇಳುವುದು ಆ ಚೂರುಗಳೇ.

ಹೊಗೆಯ ಅಚ್ಚು

ಹಳೆಯ ಪುಸ್ತಕ, ಪತ್ರಿಕೆಗಳ ಪುಟಗಳ ನಡುವೆ ಕಪ್ಪು ಹಿಡಿದ ಹಾಳೆಗಳು ಸಿಕ್ಕರೆ ಕಸ ಎಂದುಕೊಳ್ಳಬೇಡಿ. ಅವು ಷುನ್‌ಯಾಂಗ್, ಹೊಗೆಯಲ್ಲಿ ತೆಗೆದ ಮಾದರಿಗಳು. ಒಂದು ಮನೆಯ ಹೂ ಇನ್ನೊಂದು ಮನೆಗೆ, ತಾಯಿಯಿಂದ ಮಗಳಿಗೆ ಹೋದದ್ದು ಹೀಗೆ. ಝೆರಾಕ್ಸ್ ಇರುವಾಗ ಇದೇಕೆ ಎಂದರೆ, ಈ ನಕಲು ವಿಧಾನವೂ ಕಲೆಯದೇ ಒಂದು ಭಾಗ, ಮತ್ತು ಅದನ್ನು ಬಲ್ಲವರು ಕತ್ತರಿಸುವವರಿಗಿಂತಲೂ ಕಡಿಮೆ.

ಮರದ ಹಲಗೆಯ ಮೇಲೆ ಬಿಳಿ ಕಾಗದ ಹಾಸಿ ನೀರು ಚಿಮುಕಿಸಿ, ಗುಳ್ಳೆ ಇರದಂತೆ ಅಂಗೈಯಿಂದ ಒತ್ತಿ. ಅದರ ಮೇಲೆ ಕತ್ತರಿಸಿದ ಹೂ ಇಟ್ಟು ಮತ್ತೆ ನೀರು ಚಿಮುಕಿಸಿ, ಒಂದೊಂದು ಹಲ್ಲೂ ಚಪ್ಪಟೆಯಾಗಿ ಅಂಟುವಂತೆ ಮಾಡಿ. ಎತ್ತಿ ನಿಂತ ಹಲ್ಲಿನ ಕೆಳಗೆ ಮಸಿ ನುಗ್ಗಿ ಅಂಚು ಮಬ್ಬಾಗುತ್ತದೆ. ಹಲಗೆಯನ್ನು ಬೋರಲು ಹಿಡಿದು ಚಿಮಣಿ ಬುಡ್ಡಿಯ ಜ್ವಾಲೆಯ ತುದಿಯಿಂದ ನಾಲ್ಕು ಬೆರಳು ಮೇಲೆ ಸುತ್ತುಸುತ್ತಾಗಿ ಆಡಿಸಿ. ಬತ್ತಿ ದಪ್ಪಗೆ, ಮೇಲೆ ಎಳೆದಿರಲಿ. ಚೊಕ್ಕಟವಾಗಿ ಉರಿಯುವ ದೀಪದಲ್ಲಿ ಮಸಿ ಬರುವುದಿಲ್ಲ. ಒಂದೇ ಕಡೆ ನಿಲ್ಲಿಸಿದರೆ ಕಾಗದ ಒಣಗಿ ಕಂದುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. ಈ ಕೆಲಸ ಅಂಗಳದಲ್ಲಿ, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು. ಸಮವಾಗಿ ಕಪ್ಪಾದ ಮೇಲೆ ಆರಲು ಬಿಟ್ಟು ಹೂವನ್ನು ಚಿಮಟದಿಂದ ಎತ್ತಿ. ಕಪ್ಪು ನೆಲದಲ್ಲಿ ಬಿಳಿ ಹೂ ಉಳಿಯುತ್ತದೆ. ಆ ಹಾಳೆಯನ್ನು ನಾಲ್ಕೈದು ಕೆಂಪು ಕಾಗದದ ಮೇಲಿಟ್ಟು, ತೂತಾಗುವ ಜಾಗಗಳಲ್ಲೇ ದಾರದ ಹೊಲಿಗೆ ಹಾಕಿ ಕತ್ತರಿಸುತ್ತಾರೆ.

ಹಳೆಯ ಅಸಲು ಹೂವನ್ನು ಎಂದಿಗೂ ಒದ್ದೆ ಮಾಡಬೇಡಿ. ಕೆಂಪು ಬಣ್ಣ ನೀರಿಗೆ ಬಿಡುತ್ತದೆ, ಹಳೆ ಕಾಗದ ಹರಿಯುತ್ತದೆ. ಅಸಲಿನ ಅಳತೆಗೇ ಝೆರಾಕ್ಸ್ ತೆಗೆದು, ಅದನ್ನು ಕತ್ತರಿಸಿ, ಆ ನಕಲಿನಿಂದ ಹೊಗೆ ಅಚ್ಚು ತೆಗೆಯಿರಿ. ಹಳೆಯ ಹೊಗೆ ಹಾಳೆಗಳನ್ನು ಸ್ಕ್ಯಾನರಿನ ಗಾಜಿಗೂ ತಾಗಿಸಬೇಡಿ, ಮಸಿ ಒರೆಸಿಹೋಗುತ್ತದೆ. ಮೇಲಿಂದ ಫೋಟೋ ತೆಗೆಯಿರಿ.

ಇಡುವುದು, ಹಿಂದಿರುಗಿಸುವುದು

ಹೂಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇರಲಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಮಡಿಕೆಯ ಗೀರು ಅಲ್ಲಿ ಚೆನ್ನಾಗಿ ಕಾಣುತ್ತದೆ. ಅಸಲನ್ನು ಆಮ್ಲವಿಲ್ಲದ ಎರಡು ಹಾಳೆಗಳ ನಡುವೆ ಚಪ್ಪಟೆಯಾಗಿ, ಕತ್ತಲಲ್ಲಿ ಇಡಿ. ಬೆಳಕಿಗೆ ಮೊದಲು ಹೋಗುವುದು ಈ ಕೆಂಪೇ. ಸೆಲ್ಲೋಟೇಪ್ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಬಿಸಿ ಪ್ಲಾಸ್ಟಿಕ್ ಒಳಗೆ ಹೋದದ್ದನ್ನು ಮತ್ತೆ ಬಿಡಿಸಲಾಗದು. ಪ್ರದರ್ಶನಕ್ಕೆ ನಕಲುಗಳನ್ನು ಅಂಟಿಸುವಾಗ ಮೈದಾ ಅಂಟಿಗಿಂತ ಗೋಧಿ ಪಿಷ್ಟದ ಅಂಟು ಮೇಲು, ಮೈದಾದಲ್ಲಿನ ಜಿಗುಟಿಗೆ ಹುಳು ಬೇಗ ಬರುತ್ತದೆ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು, ಸಣ್ಣ ಉರಿಯಲ್ಲಿ 20 ನಿಮಿಷ ಕೈಯಾಡಿಸಿ, ಆರಿದ ಮೇಲೆ ಸೋಸಿ, ಮಜ್ಜಿಗೆಯಷ್ಟು ತೆಳು ಮಾಡಿ. ನಡುವೆ ನಾಲ್ಕೈದು ಚುಕ್ಕೆ ಹಚ್ಚಿದರೆ ಸಾಕು. ಪೂರ್ತಿ ಬಳಿದರೆ ಕಾಗದ ಹಿಗ್ಗಿ ಸುಕ್ಕು ಬೀಳುತ್ತದೆ.

ಕಂಪ್ಯೂಟರಿನಲ್ಲಿ ಗೆರೆಗಳನ್ನು "ಸರಿ" ಮಾಡುವ ಚಪಲ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಬಹಳ. ಎಡಗಣ್ಣಿಗಿಂತ ಬಲಗಣ್ಣು ದೊಡ್ಡದಿದ್ದರೆ ಹಾಗೇ ಬಿಡಿ. ಸಮ ಮಾಡಿದ ಹೂ ಲೇಸರ್ ಯಂತ್ರಕ್ಕೆ ಲಾಯಕ್ಕು, ದಾಖಲೆಗಲ್ಲ.

ಹಳ್ಳಿಗೆ ಹಿಂದಿರುಗಿಸುವಾಗ ಹೊಳಪಿನ ಆಲ್ಬಂ ಕೊಡುವುದು ರೂಢಿ. ಅದು ಪೆಟ್ಟಿಗೆ ಸೇರುತ್ತದೆ. ಬದಲಿಗೆ ಪ್ರತಿ ಹೂವನ್ನೂ ಅಸಲು ಅಳತೆಯಲ್ಲೇ, ತೆಳು ಬಿಳಿ ಕಾಗದದ ಒಂದೇ ಬದಿಗೆ, ಹತ್ತು ಹತ್ತು ಪ್ರತಿ ಮುದ್ರಿಸಿ, ಹೊಲಿಯದೆ ಬಿಡಿಬಿಡಿಯಾಗಿ ಕೊಡಿ. ಕೆಂಪು ಕಾಗದದ ಮೇಲಿಟ್ಟು ದಾರ ಹಾಕಿ ನೇರ ಕತ್ತರಿಸಬಹುದು, ಹಾಳಾದರೆ ಇನ್ನೊಂದು ಹಾಳೆ ಇದೆ. ಮೂಲೆಯಲ್ಲಿ ಕತ್ತರಿಸಿದವರ ಹೆಸರು, ಊರು, ಆ ಊರಿನ ಮಾತಿನಲ್ಲಿ ಹೂವಿನ ಹೆಸರು, ಮತ್ತು ಕತ್ತರಿ ನಡೆದ ಕ್ರಮಕ್ಕೆ 1, 2, 3 ಎಂದು ಸಣ್ಣ ಅಂಕಿಗಳು. ಅಂಕಿಗಳನ್ನು ತೂತಾಗಿ ಉದುರುವ ಜಾಗದಲ್ಲೇ ಬರೆಯಿರಿ, ಹೂವಿನ ಮೈಮೇಲಲ್ಲ.