ಎಲ್ಲಿ ವಾಸ ಎಂದು ಕೇಳಬೇಡಿ, ಚರ್ಮ ನೋಡಿ: ಕಶೇರುಕಗಳನ್ನು ವಿಂಗಡಿಸುವ ಬಗೆ

ಕಶೇರುಕ ಎಂದರೆ ಬೆನ್ನುಮೂಳೆಯಿರುವ ಪ್ರಾಣಿ. ಶಾಲೆಯ ಚಾರ್ಟಿಗೆ ಮೀನು, ಉಭಯವಾಸಿ, ಸರೀಸೃಪ, ಪಕ್ಷಿ, ಸಸ್ತನಿ ಎಂದು ಐದು ಖಾನೆ ಎಳೆದು ಚಿತ್ರ ಅಂಟಿಸಿದರೆ ಮುಗಿಯಿತು ಎಂದುಕೊಂಡಲ್ಲೇ ಕೆಲಸ ಕೆಡುತ್ತದೆ. ಮೊಸಳೆ ಉಭಯವಾಸಿಗಳ ಸಾಲಿಗೂ ಬಾವಲಿ ಪಕ್ಷಿಗಳ ಸಾಲಿಗೂ ಹೋಗಿ ಕೂರುತ್ತವೆ. ಅಂಗಡಿಯಿಂದ ಚಿತ್ರದ ಹಾಳೆ ತನ್ನಿ, ಅದರ ಮೇಲೆ ಅಚ್ಚಾದ ಶೀರ್ಷಿಕೆ ನಂಬಬೇಡಿ. ಚಿತ್ರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿಟ್ಟುಕೊಂಡು ಕೆಳಗಿನ ಕ್ರಮದಲ್ಲೇ ಪರೀಕ್ಷಿಸಿ.

ಹಂತ 1: ಬೆನ್ನುಮೂಳೆ ಇಲ್ಲದ್ದನ್ನು ತೆಗೆದುಹಾಕಿ. ಹೆಸರಲ್ಲಿ ಮೀನಿದ್ದರೂ ನಕ್ಷತ್ರಮೀನು ಹೊರಗೆ. ಆಕ್ಟೋಪಸ್, ಏಡಿಯೂ ಹೊರಗೆ.

ಹಂತ 2: ಗರಿ ಇದ್ದರೆ ಪಕ್ಷಿ. ಇಂದು ಬದುಕಿರುವ ಬೇರಾವ ಪ್ರಾಣಿಗೂ ಗರಿಯಿಲ್ಲ.

ಹಂತ 3: ಮೈಮೇಲೆ ಕೂದಲಿದ್ದು ಮರಿಗೆ ಹಾಲೂಡಿಸಿದರೆ ಸಸ್ತನಿ. ಬಾವಲಿಯ ರೆಕ್ಕೆ ಗರಿಯದಲ್ಲ, ಉದ್ದನೆಯ ಬೆರಳುಗಳ ನಡುವೆ ಹರಡಿದ ಚರ್ಮ. ಮೊಟ್ಟೆಯಿಡುವ ಪ್ಲಾಟಿಪಸ್ ಕೂಡ ಇಲ್ಲಿಗೇ. ಡಾಲ್ಫಿನ್ ಬಗ್ಗೆ ಅನುಮಾನವಿದ್ದರೆ ಬಾಲ ನೋಡಿ: ಅದು ಅಡ್ಡಡ್ಡ ಹರಡಿ ಮೇಲೆ ಕೆಳಗೆ ಬಡಿಯುತ್ತದೆ, ಮೀನಿನ ಬಾಲ ಎಡಕ್ಕೆ ಬಲಕ್ಕೆ.

ಹಂತ 4: ಜೀವನಪೂರ್ತಿ ಕಿವಿರು ಮತ್ತು ಈಜುರೆಕ್ಕೆ ಇದ್ದರೆ ಮೀನು. ಕಡಲ ಕುದುರೆಯೂ ಮೀನೇ. ಪಿಯುಸಿ ವಿದ್ಯಾರ್ಥಿಗಳು ಇದೇ ಖಾನೆಯನ್ನು ಮೂರು ಮಾಡಬೇಕು: ದವಡೆಯಿಲ್ಲದವು, ಮೃದ್ವಸ್ಥಿಯವು (ಗಟ್ಟಿ ಮೂಳೆಯ ಬದಲು ಬಾಗುವ ಮೆದು ಎಲುಬಿನವು), ಮೂಳೆಯವು. ಬೆಂಗಳೂರಿನ ರಸೆಲ್ ಮಾರ್ಕೆಟ್‌ನಂಥ ಕಡೆ ಬಾಂಗ್ಡೆ ಕೊಂಡಾಗ ಕಿವಿರಿನ ಮುಚ್ಚಳ ಎತ್ತಿ ಮಕ್ಕಳಿಗೆ ತೋರಿಸಿ. ಶಾರ್ಕಿಗೆ ಆ ಮುಚ್ಚಳವಿಲ್ಲ, ಬರಿಯ ಸೀಳುಗಳಿವೆ.

ಹಂತ 5: ಉಳಿದವು ಉಭಯವಾಸಿ ಮತ್ತು ಸರೀಸೃಪ. ಎಲ್ಲರೂ ಎಡವುವುದು ಇಲ್ಲೇ. ‘ನೀರಲ್ಲೂ ನೆಲದಲ್ಲೂ ಇರುವುದು ಉಭಯವಾಸಿ’ ಎಂಬ ಸುಲಭಸೂತ್ರವನ್ನು ಮೊದಲು ಮರೆತುಬಿಡಿ. ಆಮೆ, ಮೊಸಳೆ, ನೀರುಹಾವು ಮೂರನ್ನೂ ತಪ್ಪು ಖಾನೆಗೆ ತಳ್ಳುವುದು ಅದೇ.

ನೋಡಬೇಕಾದ್ದು ಮೂರು. ಚರ್ಮ: ಕಪ್ಪೆಯದು ಬರಿಮೈ, ಹುರುಪೆಯಿಲ್ಲ, ಆ ತೇವದ ಚರ್ಮದಿಂದಲೂ ಅದು ಉಸಿರಾಡುತ್ತದೆ. ಸರೀಸೃಪದ ಮೈಗೆ ಒಣ ಹುರುಪೆಯ ಹೊದಿಕೆ. ಮನೆಯ ಹಲ್ಲಿ ನುಣ್ಣಗೆ ಕಂಡರೂ ಭೂತಗನ್ನಡಿ ಹಿಡಿದರೆ ಸಣ್ಣ ಹರಳುಗಳಂಥ ಹುರುಪೆ ಕಾಣುತ್ತದೆ. ಬೆರಳು: ಹಲ್ಲಿಗೆ, ಓತಿಕ್ಯಾತಕ್ಕೆ ಉಗುರಿದೆ, ನಮ್ಮ ಕಪ್ಪೆಗಳಿಗಿಲ್ಲ. ಮೊಟ್ಟೆ: ಟ್ಯೂಬ್‌ಲೈಟ್ ಹಿಂದೆ ಸಿಗುವ ಹಲ್ಲಿಯ ಬಿಳಿ ಮೊಟ್ಟೆಗೆ ಗಟ್ಟಿ ಚಿಪ್ಪಿದೆ, ಅದಕ್ಕೇ ಒಣ ಗೋಡೆಯಲ್ಲೂ ಉಳಿಯುತ್ತದೆ. ಕಪ್ಪೆಯ ಮೊಟ್ಟೆಗಿರುವುದು ಬರೀ ಲೋಳೆ, ಒಣಗಿದರೆ ಸತ್ತಂತೆ. ಅದರಿಂದ ಬರುವ ಗೊದಮೊಟ್ಟೆ ಕಿವಿರಿನಿಂದ ಉಸಿರಾಡಿ, ಬೆಳೆದ ಮೇಲೆ ಶ್ವಾಸಕೋಶ ಪಡೆಯುತ್ತದೆ. ಉಭಯವಾಸಿ ಎನ್ನುವುದಕ್ಕೆ ಈ ಬದಲಾವಣೆಯೇ ಆಧಾರ.

ಬೆಂಗಳೂರಿನವರಿಗೆ ಇನ್ನೊಂದು ಅನುಕೂಲವಿದೆ. ಬೆಳೆದ ಮೇಲೂ ಬಾಲ ಉಳಿಸಿಕೊಳ್ಳುವ ನಾಲ್ಕು ಕಾಲಿನ ಉಭಯವಾಸಿ ಭಾರತದಲ್ಲಿರುವುದು ಪೂರ್ವ ಹಿಮಾಲಯ, ಈಶಾನ್ಯದ ಕಡೆ ಮಾತ್ರ. ಹಾಗಾಗಿ ಲಾಲ್‌ಬಾಗಿನಲ್ಲಿ ಕೂದಲಿಲ್ಲದ, ಬಾಲವಿರುವ, ನಾಲ್ಕು ಕಾಲಿನದು ಕಂಡರೆ ಸರೀಸೃಪವೆಂದೇ ಬರೆಯಿರಿ; ಬಾಲ ಇನ್ನೂ ಕರಗದ ಎಳೆಗಪ್ಪೆಯೊಂದೇ ಅಪವಾದ.

ಹೂಕುಂಡದ ಮಣ್ಣಿನಲ್ಲಿ ಕಾಣುವ ಕುರುಡು ಹಾವನ್ನು ಎರೆಹುಳು ಎಂದು ಬಿಡುವವರೇ ಹೆಚ್ಚು. ಮೈಮೇಲೆ ಉಂಗುರಗಳಿದ್ದು ಲೋಳೆಯಾಗಿದ್ದರೆ ಎರೆಹುಳು. ಒಣಗಿ ಹೊಳೆಯುತ್ತ, ತಲೆಯಲ್ಲಿ ಎರಡು ಕಪ್ಪು ಚುಕ್ಕೆ ಕಂಡರೆ ಹಾವು, ಅಪ್ಪಟ ಸರೀಸೃಪ. ವಿಷವಿಲ್ಲ, ಕೊಲ್ಲಬೇಡಿ.

ಹೃದಯದ ಕೋಣೆಗಳನ್ನೂ ಬರೆಯುವುದಾದರೆ ಮೀನಿಗೆ 2, ಉಭಯವಾಸಿಗೆ 3, ಪಕ್ಷಿ ಮತ್ತು ಸಸ್ತನಿಗೆ 4. ಸರೀಸೃಪಕ್ಕೆ 3 ಎಂದು ಬರೆದು ಪಕ್ಕದಲ್ಲೇ ‘ಮೊಸಳೆಗೆ 4’ ಎಂದು ಸೇರಿಸಿ. ಅಂಕ ಹೋಗುವುದು ಅಲ್ಲೇ.